‘ರಕ್ತಗತ’ವೆಂಬ ಮಾತು

ನಮ್ಮ ಕಲಾವಿಮರ್ಶೆಯಲ್ಲಿ ಹೊಗಳಿಕೆಯ ಮಾತುಗಳಿಗೆ ಬಡತನವಿಲ್ಲ. ಅವುಗಳಲ್ಲಿ ಒಂದು ಮಾತಂತೂ ಎಲ್ಲಿ ಹೋದರೂ ಎದುರಾಗುತ್ತದೆ: ‘ಕಲೆ ಇವರಿಗೆ ರಕ್ತಗತವಾಗಿ ಬಂದದ್ದು.’ ಗೋಕಾಕ, ಮೂಡಲಗಿ ಸೀಮೆಯ ಶ್ರೀಕೃಷ್ಣ ಪಾರಿಜಾತದ ಆಟಗಾರರನ್ನು ಕುರಿತು ಬರೆಯುವಾಗ ಈ ಮಾತಿಲ್ಲದೆ ಲೇಖನ ಮುಗಿಯುವುದು ಅಪರೂಪ. ಬರೆಯುವವರ ಉದ್ದೇಶ ಒಳ್ಳೆಯದೇ. ಆದರೆ ಇದು ಬರಿಯ ಹೊಗಳಿಕೆಯಲ್ಲ. ಕಲೆ ಒಬ್ಬರಿಂದ ಒಬ್ಬರಿಗೆ ಹೇಗೆ ಬರುತ್ತದೆಂಬುದನ್ನು ಕುರಿತ ಒಂದು ಸಿದ್ಧಾಂತ. ಸಿದ್ಧಾಂತವೆಂದ ಮೇಲೆ ಅದನ್ನು ಪರೀಕ್ಷಿಸಲೇಬೇಕು. ನನ್ನ ಮಟ್ಟಿಗೆ ಅದು ತಪ್ಪು ಸಿದ್ಧಾಂತ. ಅಷ್ಟೇ ಅಲ್ಲ, ಯಾವ ಕಲೆಯನ್ನು ಹೊಗಳಲು ಅದನ್ನು ಬಳಸುತ್ತೇವೆಯೋ ಆ ಕಲೆಗೇ ಅಪಾಯಕಾರಿಯಾದದ್ದು.

ಪಾರಿಜಾತದ ಕಥೆ ಎಲ್ಲರಿಗೂ ಗೊತ್ತು. ನಾರದ ಸ್ವರ್ಗದ ಹೂವನ್ನು ತರುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಯುತ್ತಾಳೆ. ಈ ಸಣ್ಣ ಎಳೆಯ ಮೇಲೆ ಇಡೀ ರಾತ್ರಿ ಆಟ ನಡೆಯುತ್ತದೆ. ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವಂತೆ, ಇದನ್ನು ಮೊದಲು ರಚಿಸಿದವನು ರಾಯಚೂರು ಕಡೆಯ ಅಪರಾಳದ ತಮ್ಮಣ್ಣ. ಅದನ್ನು ತಿದ್ದಿ ರಂಗದ ಮೇಲೆ ನಿಲ್ಲಿಸಿದವನು ಕುಲಗೋಡದ ತಮ್ಮಣ್ಣ. ಹಿಂದೆ ಗೋಕಾಕ ತಾಲೂಕಿನಲ್ಲಿದ್ದ ಕುಲಗೋಡ ಈಗ ಮೂಡಲಗಿ ತಾಲೂಕಿಗೆ ಸೇರಿದೆ. ಹೆಸರೊಂದೇ, ಊರು ಬೇರೆ, ಕಾಲ ಬೇರೆ. ಮುಂದೆ ಕೌಜಲಗಿಯ ನಿಂಗಮ್ಮ ಎಂಬ ಹೆಣ್ಣುಮಗಳು ಈ ಆಟವನ್ನು ಕೈಗೆತ್ತಿಕೊಂಡು ನಾಡಿನಲ್ಲೆಲ್ಲ ಹೆಸರುಗೊಳಿಸಿದಳು. ಅಪರಾಳದಿಂದ ಕುಲಗೋಡಕ್ಕೆ, ಕುಲಗೋಡದಿಂದ ಕೌಜಲಗಿಗೆ ಈ ಆಟ ಬಂದ ದಾರಿಯಲ್ಲಿ ರಕ್ತ ಎಲ್ಲಿದೆ? ಬಂದದ್ದು ಹಾಡು, ತಂದದ್ದು ಕಿವಿ ಮತ್ತು ನೆನಪು.

ಆದರೂ ನಾವು ‘ರಕ್ತ’ ಎನ್ನುತ್ತೇವೆ. ಅದಕ್ಕೆ ನಮ್ಮ ಹಳೆಯ ಕುಲಾಭಿಮಾನ ಒಂದು ಕಾರಣವಾದರೆ, ಹೊಸ ವಿಜ್ಞಾನದ ಅರೆತಿಳಿವು ಇನ್ನೊಂದು. 1859ರಲ್ಲಿ ಡಾರ್ವಿನ್ ವಿಕಾಸವಾದದ ಗ್ರಂಥವನ್ನು ಪ್ರಕಟಿಸಿದಾಗ, ತಂದೆತಾಯಿಗಳ ಗುಣ ಮಕ್ಕಳಿಗೆ ಬರುವ ಬಗೆ ಅವನಿಗೆ ತಿಳಿದಿರಲಿಲ್ಲ. 1866ರಲ್ಲಿ ಅಚ್ಚಾದ ಮೆಂಡೆಲನ ಬಟಾಣಿ ಪ್ರಯೋಗಗಳು ಲೋಕದ ಕಣ್ಣಿಗೆ ಬಿದ್ದದ್ದು 1900ರಲ್ಲಿ. ವಂಶವಾಹಿಗೆ ‘ಜೀನ್’ ಎಂಬ ಹೆಸರು ಬಂದದ್ದು 1909ರಲ್ಲಿ. ಅದಕ್ಕೂ ಮೊದಲೇ ಜರ್ಮನಿಯ ವೈಸ್‌ಮನ್ ಪೀಳಿಗೆಯಿಂದ ಪೀಳಿಗೆಗೆ ಇಲಿಗಳ ಬಾಲ ಕತ್ತರಿಸಿ ನೋಡಿದ್ದ. ಮರಿಗಳು ಬಾಲದೊಡನೆಯೇ ಹುಟ್ಟಿದವು. ಬದುಕಿನಲ್ಲಿ ಗಳಿಸಿದ್ದಾಗಲಿ ಕಳೆದುಕೊಂಡದ್ದಾಗಲಿ ಬೀಜಕ್ಕೆ ಇಳಿಯುವುದಿಲ್ಲವೆಂದು ಅವನು ಸಾರಿದ.

ಈ ಮಾತನ್ನು ಸರಿಯಾಗಿ ಓದಿದರೆ ‘ರಕ್ತಗತ’ ಅಲ್ಲಿಗೇ ಸೋಲುತ್ತದೆ. ಭಾಗವತ ನಲವತ್ತು ವರ್ಷ ಹಾಡಿ ಗಳಿಸಿದ ತಾಳಜ್ಞಾನ ಅವನ ಮಗನ ಮೈಯೊಳಗೆ ತಾನಾಗಿ ಹುಟ್ಟಿ ಬರಲಾರದು. ಒಳ್ಳೆಯ ಕಂಠವೋ ಚುರುಕಾದ ಕಿವಿಯೋ ಬರಬಹುದು, ಪಾರಿಜಾತ ಬರದು. ಆದರೆ ನಾವು ಇದನ್ನು ತಿರುಗುಮುರುಗಾಗಿ ಓದಿಕೊಂಡೆವು. ವಂಶವಾಹಿಯ ಮೂಲಕ ಬಂದದ್ದು ಮಾತ್ರ ನಿಜವಾದ ಆನುವಂಶಿಕತೆ, ಉಳಿದದ್ದೆಲ್ಲ ಮೇಲಿನ ಬಣ್ಣ ಎಂದುಕೊಂಡೆವು. ಹೀಗಾಗಿ ಕಲೆ ಬೆಲೆಯುಳ್ಳದ್ದೆನ್ನಬೇಕಾದರೆ ಅದನ್ನು ರಕ್ತಕ್ಕೆ ಸೇರಿಸಲೇಬೇಕಾಯಿತು.

ಈ ಕಟ್ಟನ್ನು ಜೀವವಿಜ್ಞಾನಿಗಳೇ ಸಡಿಲಿಸಿದ್ದಾರೆ. ಈವಾ ಯಾಬ್ಲೊಂಕ ಮತ್ತು ಮೇರಿಯನ್ ಲ್ಯಾಂಬ್ 2005ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆನುವಂಶಿಕತೆಗೆ ನಾಲ್ಕು ದಾರಿಗಳನ್ನು ಗುರುತಿಸಿದರು: ವಂಶವಾಹಿ ಒಂದು, ಅದರ ಅಕ್ಷರ ಬದಲಾಗದೆಯೇ ಅದನ್ನು ತೆರೆಯುವ, ಮುಚ್ಚುವ ಗುರುತುಗಳು ಎರಡನೆಯದು, ನೋಡಿ ಕಲಿಯುವ ನಡವಳಿಕೆ ಮೂರನೆಯದು, ಭಾಷೆಯೇ ಮೊದಲಾದ ಸಂಕೇತಗಳು ನಾಲ್ಕನೆಯದು. ಎರಡನೆಯ ದಾರಿಗೆ ಒಂದು ಚೆಲುವಾದ ಸಾಕ್ಷಿಯಿದೆ. 18ನೆಯ ಶತಮಾನದಲ್ಲಿ ಸ್ವೀಡನ್ನಿನ ಲಿನೇಯಸ್ ಒಂದು ಕಾಡುಗಿಡದಲ್ಲಿ ವಿಚಿತ್ರ ರೂಪದ ಹೂವನ್ನು ಕಂಡು ಬೆರಗಾಗಿದ್ದ. 1999ರಲ್ಲಿ ಅಂಥ ಹೂವನ್ನು ಪರೀಕ್ಷಿಸಿದಾಗ, ಅದರ ವಂಶವಾಹಿ ಬದಲಾಗಿಲ್ಲ, ರಾಸಾಯನಿಕ ಮುದ್ರೆ ಬಿದ್ದು ಮೌನವಾಗಿದೆ ಎಂದು ತಿಳಿಯಿತು. ಆ ಮೌನವೂ ಬೀಜದೊಡನೆ ಮುಂದಿನ ಗಿಡಕ್ಕೆ ಸಾಗಬಲ್ಲುದು. ಆದರೆ ಇದನ್ನೇ ಹಿಡಿದು ಅಜ್ಜನ ರಾಗ ಮೊಮ್ಮಗನ ಜೀವಕೋಶದಲ್ಲಿದೆ ಎಂದು ಹೇಳಹೊರಟರೆ ಅದು ಹಳೆಯ ರಕ್ತವಾದಕ್ಕೇ ಹೊಸ ಅಂಗಿ. ನಮ್ಮಂಥ ಪ್ರಾಣಿಗಳಲ್ಲಿ ಇಂಥ ಮುದ್ರೆಗಳು ಬಹುಮಟ್ಟಿಗೆ ಪ್ರತಿ ಪೀಳಿಗೆಯಲ್ಲೂ ಅಳಿಸಿಹೋಗುತ್ತವೆ. ಕಲೆಯ ದಾರಿ ಮೂರನೆಯದು ಮತ್ತು ನಾಲ್ಕನೆಯದು.

ಇವಲ್ಲದೆ ಇನ್ನೂ ಒಂದು ಆಸ್ತಿಯುಂಟು: ಹಿರಿಯರು ಬದಲಿಸಿಟ್ಟುಹೋದ ನೆಲ. ಓಡ್ಲಿಂಗ್-ಸ್ಮೀ ಮತ್ತು ಸಂಗಡಿಗರು 2003ರ ತಮ್ಮ ಗ್ರಂಥದಲ್ಲಿ ಇದನ್ನೂ ಆನುವಂಶಿಕತೆಯೆಂದೇ ಕರೆದರು. ಘಟಪ್ರಭೆಯ ದಂಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1897ರಲ್ಲಿ ಧೂಪದಾಳದ ಒಡ್ಡು, ಅಲ್ಲಿಂದ ಹರಿದ 71 ಕಿಲೋಮೀಟರಿನ ಎಡದಂಡೆ ಕಾಲುವೆ, ಆಮೇಲೆ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಎದ್ದ ಅಣೆಕಟ್ಟು—ಇವು ಬಂದ ಮೇಲೆ ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು. ಇಂದು ಇಲ್ಲಿ ಹುಟ್ಟುವ ಕೂಸು ತಂದೆಯಿಂದ ಮೂಗನ್ನಷ್ಟೇ ಅಲ್ಲ, ಕಾಲುವೆಯನ್ನೂ ಪಡೆಯುತ್ತದೆ. ಹಿನ್ನೀರಿನಲ್ಲಿ ಮುಳುಗಿದ ಊರಿನವರ ಕೂಸು ಆ ನಷ್ಟವನ್ನೂ ಪಡೆಯುತ್ತದೆ.

ಇದೆಲ್ಲ ಸರಿ, ಆದರೆ ವಿಕಾಸಕ್ಕೂ ಇದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಉತ್ತರ ಅಡಿಗೆಮನೆಯಲ್ಲಿದೆ. ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಹೆಚ್ಚಿನ ಮನುಷ್ಯರಲ್ಲಿ ಎಳೆತನ ಕಳೆದಂತೆ ಕುಂದುತ್ತದೆ. ದನ ಸಾಕಿ ಹಾಲು ಕರೆಯುವ ರೂಢಿ ಮೊದಲು ಬಂತು. ದೊಡ್ಡವರಾದ ಮೇಲೂ ಹಾಲನ್ನು ಜೀರ್ಣಿಸಬಲ್ಲ ವಂಶವಾಹಿ ಅಂಥ ಜನರಲ್ಲಿ ಹಬ್ಬಿದ್ದು ಆಮೇಲೆ. ಕಲಿತ ರೂಢಿ ಮುಂದೆ ನಡೆಯಿತು, ವಂಶವಾಹಿ ಹಿಂದೆ ಬಂತು. ನಮ್ಮ ದೇಶದ ಅನೇಕ ಸಮುದಾಯಗಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಈ ವಂಶವಾಹಿ ವಾಯವ್ಯದಲ್ಲಿ ಹೆಚ್ಚು, ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಕಡಿಮೆ. ಹಾಗಾದರೆ ಅದಿಲ್ಲದವರು ಹೈನನ್ನು ಬಿಟ್ಟರೆ? ಇಲ್ಲ, ಮೊಸರು ಮಾಡಿಕೊಂಡರು. ಹೆಪ್ಪು ಹಾಲಿನ ಸಕ್ಕರೆಯನ್ನು ತಿಂದು ಕಡಿಮೆ ಮಾಡುತ್ತದೆ. ವಂಶವಾಹಿ ಮಾಡಬೇಕಾದ ಕೆಲಸದಲ್ಲಿ ಒಂದು ಪಾಲನ್ನು ಅತ್ತೆಯಿಂದ ಸೊಸೆಗೆ, ಮನೆಯಿಂದ ಮನೆಗೆ ಸಾಗಿದ ಒಂದು ಚಮಚ ಹೆಪ್ಪು ಮಾಡಿತು.

ಈ ಹೆಪ್ಪಿನ ದೃಷ್ಟಾಂತವನ್ನು ಕೈಯಲ್ಲಿ ಹಿಡಿದು ಪಾರಿಜಾತಕ್ಕೆ ಮರಳಿದರೆ, ನಮ್ಮ ವಿಮರ್ಶೆಯ ಇನ್ನೆರಡು ರೂಢಿಗಳೂ ಶಂಕೆಗೆ ಒಳಗಾಗುತ್ತವೆ. ಮೊದಲನೆಯದು, ಶುದ್ಧವಾದ ಮೂಲಪಾಠವನ್ನು ಹುಡುಕಿ ಉಳಿದದ್ದನ್ನು ಪ್ರಕ್ಷಿಪ್ತವೆಂದು ಕಿತ್ತೊಗೆಯುವ ರೂಢಿ. ಕುಲಗೋಡದ ತಮ್ಮಣ್ಣ ತಿದ್ದಿದ್ದು, ದೂತಿಯ ಬಾಯಿಗೆ ಆಟಗಾರರು ಹಾಕಿದ ಸ್ಥಳೀಯ ಮಾತು, ಭಾಗವತನೊಡನೆ ಅವಳ ಜಗಳ—ಇವನ್ನೆಲ್ಲ ತೆಗೆದರೆ ಉಳಿಯುವುದು ಕೃತಿಯಾದೀತು, ಆಟವಾಗದು. ರಾತ್ರಿಯೆಲ್ಲ ಕುಳಿತ ಜನ ನಕ್ಕದ್ದು ಉಳಿಯಿತು, ತೂಕಡಿಸಿದ್ದು ಬಿತ್ತು. ಇದೂ ಒಂದು ಆಯ್ಕೆಯೇ. ಎರಡನೆಯದು, 1976ರಲ್ಲಿ ಡಾಕಿನ್ಸ್ ‘ಮೀಮ್’ ಎಂಬ ಮಾತನ್ನು ತಂದಂದಿನಿಂದ ಹಬ್ಬಿದ ಕಲ್ಪನೆ: ಹಾಡು, ಕಥೆಗಳೂ ವಂಶವಾಹಿಯಂತೆ ತಲೆಯಿಂದ ತಲೆಗೆ ನಕಲಾಗುತ್ತವೆಂಬುದು. ಜಾಣತನದ ಹೋಲಿಕೆ, ಆದರೆ ಆಟದ ಕಳದಲ್ಲಿ ನಿಲ್ಲದು. ಹಿಮ್ಮೇಳದಲ್ಲಿ ನಿಂತು ಪಲ್ಲವಿ ಎತ್ತಿಕೊಳ್ಳುವ ಹುಡುಗ ನಕಲು ಮಾಡುವುದಿಲ್ಲ. ತನ್ನ ಕಂಠಕ್ಕೆ, ಆ ರಾತ್ರಿಯ ಜನಕ್ಕೆ ತಕ್ಕಂತೆ ಮತ್ತೆ ಕಟ್ಟುತ್ತಾನೆ. ಪ್ರತಿ ರಾತ್ರಿಯ ಮೊಸರೂ ಹೊಸ ಹಾಲಿನದೇ.

ಇನ್ನು ಅಪಾಯದ ಮಾತು. ವಂಶವಾಹಿಯ ಗುಣ ಹಲವು ಪೀಳಿಗೆ ಅಡಗಿದ್ದು ಮತ್ತೆ ಮೊಮ್ಮಕ್ಕಳಲ್ಲಿ ತಲೆಯೆತ್ತಬಹುದು. ಹೆಪ್ಪಿಗೆ ಆ ಸೌಕರ್ಯವಿಲ್ಲ. ಒಂದು ವಾರ ಗಡಿಗೆ ಒಣಗಿತೆಂದರೆ ನೆರೆಮನೆಗೆ ಬಟ್ಟಲು ಹಿಡಿದು ಹೋಗಬೇಕು. ನೆರೆಮನೆಯಲ್ಲೂ ಒಣಗಿದ್ದರೆ ಮುಗಿಯಿತು. ಪಾರಿಜಾತದ ಸ್ಥಿತಿಯೂ ಇದೇ. ಧ್ವನಿಮುದ್ರಿಕೆಯಿಂದ ಧಾಟಿ ಸಿಕ್ಕೀತು. ತಪ್ಪಿದಾಗ ತಿದ್ದುವ ಭಾಗವತ ಸಿಗಲಾರ, ನಗಬೇಕಾದಲ್ಲಿ ನಗುವ ಜನ ಸಿಗಲಾರರು. ಕಲೆ ರಕ್ತದಲ್ಲಿದೆ ಎಂದು ನಾವು ಬರೆದಾಗಲೆಲ್ಲ ಅದು ಎಲ್ಲಿಗೂ ಹೋಗದೆಂಬ ಸುಳ್ಳು ಭರವಸೆಯನ್ನು ಓದುಗರಿಗೆ ಕೊಡುತ್ತೇವೆ. ಅಷ್ಟೇ ಅಲ್ಲ, ಆ ಮನೆತನಕ್ಕೆ ಸೇರದ ಹುಡುಗ ಹುಡುಗಿಯರಿಗೆ ಬಾಗಿಲು ಮುಚ್ಚುತ್ತೇವೆ. ಈ ಮಾತನ್ನು ಅಂದಿನವರು ನಂಬಿ ನಡೆದಿದ್ದರೆ ಅಪರಾಳದ ಆಟ ಕುಲಗೋಡಕ್ಕೆ ಬರುತ್ತಲೇ ಇರಲಿಲ್ಲ.

ಆಟದ ನಾಯಕನನ್ನೇ ನೋಡಿರಿ. ಕೃಷ್ಣ ದೇವಕಿಯ ಹೊಟ್ಟೆಯಲ್ಲಿ ಹುಟ್ಟಿದವನು. ಆದರೆ ನಮ್ಮ ಜನ ಹಾಡಿಕೊಂಡ ಕೃಷ್ಣ ಯಶೋದೆಯ ಮನೆಯ ಬೆಣ್ಣೆ ತಿಂದವನು. ಹೆತ್ತವಳ ಪಾಲು, ಸಾಕಿದವಳ ಪಾಲು ಎರಡನ್ನೂ ನಮ್ಮ ಹಿರಿಯರು ಬಲ್ಲವರಾಗಿದ್ದರು.

ಆದ್ದರಿಂದ ವಿಮರ್ಶಕ ಮಿತ್ರರಲ್ಲಿ ನನ್ನದೊಂದು ಸಣ್ಣ ಬಿನ್ನಹ. ಮುಂದಿನ ಸಲ ಒಬ್ಬ ಆಟಗಾರನನ್ನು ಕುರಿತು ಬರೆಯುವಾಗ ‘ರಕ್ತಗತ’ವನ್ನು ಬಿಟ್ಟು ಮೂರು ಸಂಗತಿಗಳನ್ನು ಬರೆಯೋಣ: ಅವನು ಯಾರಿಂದ ಕಲಿತ, ಎಷ್ಟು ವರ್ಷ ಕಲಿತ, ಈಗ ಅವನ ಹಿಂದೆ ನಿಂತು ಪಲ್ಲವಿ ಎತ್ತಿಕೊಳ್ಳುವವರು ಯಾರು. ಮೂರನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಅದನ್ನೂ ಬರೆಯೋಣ. ಲೇಖನದ ಕೊನೆಯಲ್ಲಲ್ಲ, ಮೊದಲ ಸಾಲಿನಲ್ಲಿ.