ಮುಖದ ಬೆಲೆ

ಪುಣೆಗೆ ಬಂದ ಮೇಲೆ ನಾನು ಓದಿದ್ದರಲ್ಲಿ ಪರಸ್ಥಳದ ಬದುಕನ್ನು ಅತ್ಯಂತ ನಿಷ್ಠುರವಾಗಿ ಹೇಳಿದ್ದು ಒಂದು ಕಾನೂನಿನ ಪುಸ್ತಕ. ಫರ್ಗಸ್ ಕೆಲ್ಲಿ ಬರೆದ ‘ಎ ಗೈಡ್ ಟು ಅರ್ಲಿ ಐರಿಷ್ ಲಾ’ 1988ರಲ್ಲಿ ಡಬ್ಲಿನ್‌ನಲ್ಲಿ ಪ್ರಕಟವಾಯಿತು. ಏಳು-ಎಂಟನೇ ಶತಮಾನದ ಐರ್ಲೆಂಡಿನ ಗೇಲಿಕ್ ಜನ ಬರೆದಿಟ್ಟ ಕಾನೂನುಗಳನ್ನು ಅದು ವಿಷಯವಾರು ಬಿಡಿಸಿ ಹೇಳುತ್ತದೆ.

ಆ ದೇಶ ನೂರಕ್ಕೂ ಹೆಚ್ಚು ಪುಟ್ಟ ರಾಜ್ಯಗಳಾಗಿ ಹಂಚಿಹೋಗಿತ್ತು. ಒಂದೊಂದಕ್ಕೂ ‘ತೂಅಥ್’ ಅಂತ ಹೆಸರು. ಪ್ರತಿಯೊಬ್ಬ ಸ್ವತಂತ್ರನಿಗೂ ಒಂದು ಮಾನದ ಬೆಲೆ ಇತ್ತು. ಅವರ ಮಾತಲ್ಲೇ ಹೇಳುವುದಾದರೆ ‘ಮುಖದ ಬೆಲೆ’. ಅವಮಾನ ಮಾಡಿದರೆ, ಆತಿಥ್ಯ ಕೊಡದೆ ಕಳಿಸಿದರೆ ಅಷ್ಟನ್ನು ತೆರಬೇಕು. ಮುಖ ಉಳಿಸಿಕೊಳ್ಳೋದು, ಮುಖ ಕೆಡಿಸಿಕೊಳ್ಳೋದು ಅಂತೆಲ್ಲ ಮಾತಾಡುವ ನಮಗೆ ಇದೇನೂ ಹೊಸದಲ್ಲ. ಆದರೆ ತನ್ನ ತೂಅಥ್ ದಾಟಿದರೆ ಸಾಮಾನ್ಯ ಮನುಷ್ಯನಿಗೆ ಹಕ್ಕುಗಳೇ ಇರಲಿಲ್ಲ. ಕವಿಗೆ ಮಾತ್ರ ಎಲ್ಲೆ ದಾಟಿದರೂ ಮರ್ಯಾದೆ.

ಕಡಲಾಚೆಯಿಂದ ಬಂದವನನ್ನು ಆ ಕಾನೂನು ‘ಬೂದು ನಾಯಿ’ ಅಂತ ಕರೆಯುತ್ತದೆ. ಸ್ಥಳೀಯ ಹೆಣ್ಣನ್ನು, ಅವಳ ಕುಲದವರ ಒಪ್ಪಿಗೆಯಿಂದ ಮದುವೆಯಾದರೆ ಮಾತ್ರ ಅವನಿಗೊಂದು ಸ್ಥಾನ. ಅದೂ ಹೆಂಡತಿಯ ಬೆಲೆಯ ಅರ್ಧ. ಊರಿನವರ ಸಂಸಾರದಲ್ಲಿ ಗಂಡನ ಬೆಲೆಯ ಅರ್ಧ ಹೆಂಡತಿಗೆ. ಇಲ್ಲಿ ಲೆಕ್ಕ ತಲೆಕೆಳಗು. ಕನ್ನಡದಲ್ಲಿ ‘ಪರದೇಶಿ’ ಅಂದರೆ ಹೊರಗಿನವನೂ ಹೌದು, ದಿಕ್ಕಿಲ್ಲದವನೂ ಹೌದು. ಆ ಎರಡನೇ ಅರ್ಥ ಹೇಗೆ ಹುಟ್ಟುತ್ತದೆ ಅನ್ನೋದು ಈ ಪುಟಗಳಲ್ಲಿ ನನಗೆ ಹೊಳೆಯಿತು.

ಕೆಲ್ಲಿಯ ದೊಡ್ಡ ಗುಣವೆಂದರೆ ಅವರು ಆ ಕಾಲವನ್ನು ವೈಭವೀಕರಿಸುವುದಿಲ್ಲ. ಬೆಲೆ ಎಣಿಸುವ ಒಂದು ಮಾನದ ಹೆಸರು ‘ಕುಮಲ್’. ಅದರ ಮೂಲ ಅರ್ಥ ಗುಲಾಮ ಹೆಣ್ಣು. ತೂಅಥ್‌ನ ಅರಸನ ಮುಖಕ್ಕೆ ಏಳು ಕುಮಲ್. ಮುಖವೇ ಇಲ್ಲದವಳಿಂದ ಅರಸನ ಮುಖವನ್ನು ಅಳೆಯುವ ಈ ಕ್ರೌರ್ಯವನ್ನು ಅವರು ಮುಚ್ಚಿಡದೆ ಓದುಗನ ಮುಂದಿಡುತ್ತಾರೆ.

ಕೊರತೆ ಎಲ್ಲಿದೆ ಅಂದರೆ, ಬೂದು ನಾಯಿ ಒಮ್ಮೆಯೂ ಬಾಯಿ ಬಿಡುವುದಿಲ್ಲ. ಕಾನೂನು ಬರೆದವರೆಲ್ಲ ಒಳಗಿನವರು. ಹೊರಗಿನವನಿಗೆ ಇಷ್ಟು ಕೊಡಿ ಅಂತಾರೆ. ಅವನಿಗೆ ಏನು ನೆನಪಾಗುತ್ತಿತ್ತು ಅಂತ ಹೇಳೋದಿಲ್ಲ. ಪುಸ್ತಕವನ್ನು ವಿಷಯವಾರು ಜೋಡಿಸಿದ್ದರಿಂದ ಮನುಷ್ಯ ಇನ್ನಷ್ಟು ದೂರ ಸರಿಯುತ್ತಾನೆ.

ಹಾಗಾಗಿ ಇದರ ಜೊತೆಗೆ ಅಡೊಮ್ನಾನ್‌ನ ‘ಕೊಲಂಬಾನ ಚರಿತ್ರೆ’ಯನ್ನೂ ಓದಬೇಕು ಅಂತ ನನ್ನ ಅಭಿಪ್ರಾಯ. ಲ್ಯಾಟಿನ್‌ನಲ್ಲಿ ಬರೆದ ಇದಕ್ಕೆ ರಿಚರ್ಡ್ ಶಾರ್ಪ್ ಅವರ 1995ರ ಇಂಗ್ಲಿಷ್ ಅನುವಾದವಿದೆ. ಕೊಲಂಬಾ 563ರಲ್ಲಿ ಐರ್ಲೆಂಡ್ ಬಿಟ್ಟು, ಸ್ಕಾಟ್ಲೆಂಡಿನ ಪಡುವಣ ಕರಾವಳಿಯ ಅಯೋನಾ ದ್ವೀಪದಲ್ಲಿ ಮಠ ಕಟ್ಟಿ, 597ರಲ್ಲಿ ಅಲ್ಲೇ ತೀರಿಕೊಂಡ. ಅದೇ ಮಠದ ಒಂಬತ್ತನೇ ಅಧಿಪತಿಯಾಗಿದ್ದ ಅಡೊಮ್ನಾನ್ ನೂರು ವರ್ಷಗಳ ನಂತರ ಬರೆದದ್ದು ಭಕ್ತನ ಬರಹ. ಪವಾಡಗಳೇ ಜಾಸ್ತಿ, ನಂಬೋದು ಕಷ್ಟ. ಆದರೂ ಒಂದು ಪುಟವಿದೆ. ದಣಿದ ಕ್ರೌಂಚವೊಂದು ಗಾಳಿಗೆ ಸಿಕ್ಕಿ ದ್ವೀಪದ ದಡಕ್ಕೆ ಬೀಳುತ್ತದೆ. ಅದು ತನ್ನ ನಾಡಿನಿಂದ ಬಂದದ್ದು, ಮೂರು ದಿನ ಅತಿಥಿಯಂತೆ ನೋಡಿಕೋ ಅಂತ ಕೊಲಂಬಾ ಒಬ್ಬ ಸಹೋದರನಿಗೆ ಹೇಳುತ್ತಾನೆ. ಚೇತರಿಸಿಕೊಂಡ ಹಕ್ಕಿ ನೇರ ಐರ್ಲೆಂಡಿಗೆ ಹಾರಿಹೋಗುತ್ತದೆ. ಕೊಲಂಬಾ ಉಳಿಯುತ್ತಾನೆ.

ಕಾನೂನು ಎಣಿಸಲಾರದ್ದು ಈ ಪುಟದಲ್ಲಿದೆ. ಊರಲ್ಲೇ ಇರುವ ನೀವು ಈ ಎರಡನ್ನೂ ಒಟ್ಟಿಗೆ ಓದಿ. ನಿಮ್ಮ ಬೀದಿಗೆ ದುಡಿಯಲು ಬಂದ ಹೊರಗಿನವನ ಮುಖಕ್ಕೆ ಎಷ್ಟು ಬೆಲೆ ಕಟ್ಟಿದ್ದೀರಿ ಅನ್ನುವ ಪ್ರಶ್ನೆ ತಾನಾಗೇ ಏಳುತ್ತದೆ.