ಬಿಸಿಲುಕೋಲೂ ಅದರ ಹೊಗೆಯೂ

ಈಚೆಗೆ ನೋಡಸಿಗುವ ಕಪ್ಪುಬಿಳುಪು ಫೋಟೋಗಳಲ್ಲಿ ಬಿಸಿಲುಕೋಲು ಇಲ್ಲದ್ದೇ ಅಪರೂಪ. ಕಾಫಿ ತೋಟದ ಮಂಜು, ಗುಡಿಯ ಕಂಬಸಾಲು, ಹಳೆಯ ಮನೆಯ ಪಡಸಾಲೆ, ಎಲ್ಲ ಕಡೆಯೂ ಓರೆಯಾಗಿ ಇಳಿಯುವ ಬೆಳಕು. ಚೆನ್ನಾಗಿಯೇ ಇರುತ್ತವೆ. ಮಾರನೆಯ ದಿನಕ್ಕೆ ಒಂದೂ ನೆನಪಿರುವುದಿಲ್ಲ. ಯಾಕೆ ಹೀಗೆ ಎಂದುಕೊಂಡಾಗಲೆಲ್ಲ ನಾನು ಮತ್ತೆ ಹಾಕಿಕೊಂಡು ನೋಡುವುದು 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಒಂದು ಹಾಡನ್ನು.

ಗುರುದತ್ ನಿರ್ದೇಶನ, ಗೀತಾ ದತ್ ದನಿ, ಕ್ಯಾಮೆರಾ ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರದು. ಖಾಲಿ ಸ್ಟುಡಿಯೋದಲ್ಲಿ ನಿರ್ದೇಶಕ ಮತ್ತು ನಟಿ ದೂರ ದೂರ ನಿಂತಿದ್ದಾರೆ. ಮೇಲಿನಿಂದ ಒಂದು ದಪ್ಪ ಬೆಳಕಿನ ಕಂಬ ಕತ್ತಲನ್ನು ಸೀಳಿಕೊಂಡು ನೆಲಕ್ಕೆ ಬಿದ್ದಿದೆ. ಈ ದೃಶ್ಯ ಎಷ್ಟು ಹೆಸರಾಯಿತೆಂದರೆ, ಮೂರ್ತಿಯವರ ಜೀವನಕಥನಕ್ಕೆ ಉಮಾ ರಾವ್ ‘ಬಿಸಿಲು ಕೋಲು’ ಎಂದೇ ಹೆಸರಿಟ್ಟರು.

ಆ ಬೆಳಕು ತಾನಾಗಿ ಬಂದದ್ದಲ್ಲ. ಸ್ಟುಡಿಯೋ ದೀಪ ಹತ್ತಿರದ್ದು, ಅದರ ಬೆಳಕು ಹೊರಟಲ್ಲಿಂದಲೇ ಹರಡಿಕೊಳ್ಳುತ್ತದೆ. ಸೂರ್ಯ ಬಹಳ ದೂರ, ಅವನ ಕಿರಣಗಳು ನಮ್ಮಲ್ಲಿಗೆ ಮುಟ್ಟುವಾಗ ಹೆಚ್ಚುಕಡಿಮೆ ಸಮಾನಾಂತರ. ಹಾಗಾಗಿ ಮೂರ್ತಿಯವರು ಹೊರಗೆ ಒಂದು ದೊಡ್ಡ ಕನ್ನಡಿ ನಿಲ್ಲಿಸಿ, ಒಳಗೆ ಎತ್ತರದಲ್ಲಿ ಇನ್ನೊಂದು ಕನ್ನಡಿ ಇಟ್ಟು, ಬಿಸಿಲನ್ನೇ ಒಳಗೆ ಕರೆತಂದರು. ಬಿಸಿಲು ಬಂದರೂ ಕೋಲು ಕಾಣುವುದಿಲ್ಲವಲ್ಲ, ಅದಕ್ಕೆ ಹೊಗೆ ಹಾಕಿದರು. ಬೆಳಕನ್ನು ಪಕ್ಕದಿಂದ ಯಾರೂ ನೋಡಲಾರರು. ಗಾಳಿಯಲ್ಲಿರುವ ಧೂಳು, ಹೊಗೆ, ಹನಿ ಅದನ್ನು ನಮ್ಮ ಕಡೆ ಚೆದುರಿಸಿದರಷ್ಟೇ ಕಾಣುತ್ತದೆ.

ಆದರೆ ಉಪಾಯಕ್ಕಿಂತ ದೊಡ್ಡದು ಆ ಬೆಳಕು ಅಲ್ಲಿ ಮಾಡುವ ಕೆಲಸ. ಇಬ್ಬರ ನಡುವೆ ಇರುವುದು ಬರೀ ನೆಲ, ನಾಲ್ಕು ಹೆಜ್ಜೆ ಇಟ್ಟರೆ ಮುಟ್ಟಬಹುದು. ಅಲ್ಲಿ ಬೆಳಕು ಬಿದ್ದ ಕೂಡಲೇ ಆ ನೆಲ ದಾಟಲಾಗದ್ದಾಗುತ್ತದೆ. ಬೆಳಕಿಗೆ ಬಂದರೆ ಲೋಕಕ್ಕೆ ಕಾಣಿಸಿಕೊಂಡ ಹಾಗೆ, ಬರದಿದ್ದರೆ ಕತ್ತಲಲ್ಲೇ ಉಳಿಯಬೇಕು. ಆಮೇಲೆ ಇಬ್ಬರ ಮಸುಕು ಪ್ರತಿರೂಪಗಳು ದೇಹ ಬಿಟ್ಟು ಆ ಬೆಳಕಿನತ್ತ ಬರುತ್ತವೆ. ನನಗೆ ಅದು ಬೇಡವಾಗಿತ್ತು ಅನ್ನಿಸುತ್ತದೆ. ಬೆಳಕು ಆಗಲೇ ಹೇಳಿದ್ದನ್ನು ಮತ್ತೆ ಬಿಡಿಸಿ ಹೇಳಿದಂತಾಯಿತು. ಚಿತ್ರ ಸೋತಿತು, ಗುರುದತ್ ಮತ್ತೆ ತಮ್ಮ ಹೆಸರಿನಲ್ಲಿ ನಿರ್ದೇಶನ ಮಾಡಲಿಲ್ಲ. ಮೂರ್ತಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಬಹುಕಾಲದ ಮೇಲೆ 2008ನೇ ಸಾಲಿನ ಫಾಲ್ಕೆ ಪ್ರಶಸ್ತಿಯೂ ಬಂತು. ಅದನ್ನು ಪಡೆದ ಮೊದಲ ಛಾಯಾಗ್ರಾಹಕ ಅವರೇ.

ಆದ್ದರಿಂದ ಇಂದಿನ ಫೋಟೋಗಳ ಮೇಲೆ ನನ್ನ ದೂರು ಕೃತಕತೆಯದ್ದಲ್ಲ. ಮೂರ್ತಿಯವರದೂ ಕಟ್ಟಿದ ಬೆಳಕೇ. ಆನ್ಸೆಲ್ ಆ್ಯಡಮ್ಸ್ 1941ರಲ್ಲಿ ತೆಗೆದ ‘ಮೂನ್‌ರೈಸ್, ಹರ್ನಾಂಡೆಜ್’ ಚಿತ್ರದ ಆಕಾಶವನ್ನು ಮುಂದಿನ ದಶಕಗಳ ಪ್ರಿಂಟುಗಳಲ್ಲಿ ಹೆಚ್ಚು ಹೆಚ್ಚು ಕಪ್ಪಾಗಿಸುತ್ತಾ ಹೋದರು. ಕತ್ತಲಕೋಣೆಯಲ್ಲಿ ಕಾಗದದ ಒಂದು ಭಾಗಕ್ಕೆ ಹೆಚ್ಚು ಬೆಳಕು ಕೊಟ್ಟು ಕಪ್ಪಾಗಿಸುವುದು, ಇನ್ನೊಂದಕ್ಕೆ ಕೈ ಅಡ್ಡ ಹಿಡಿದು ಬೆಳ್ಳಗೆ ಉಳಿಸುವುದು ಈ ಕಲೆಯಷ್ಟೇ ಹಳೆಯದು. ನನ್ನ ತಕರಾರು ಬೇರೆ: ಈಗ ಅಂಟಿಸುವ ಕಿರಣ ಯಾವುದನ್ನೂ ಮುಟ್ಟುವುದಿಲ್ಲ. ಕೋಲು ಇಳಿಯುತ್ತದೆ, ಕೆಳಗೆ ನೆಲದ ಮೇಲೆ ಬಿಸಿಲಿನ ತುಂಡೇ ಇರುವುದಿಲ್ಲ. ನೆರಳು ಒಂದು ದಿಕ್ಕಿಗೆ, ಕಿರಣ ಇನ್ನೊಂದು ದಿಕ್ಕಿಗೆ. ಅಡ್ಡ ನಿಂತ ಮನುಷ್ಯನ ಹೆಗಲಿಗೂ ಬೆಳಕು ತಗಲಿರುವುದಿಲ್ಲ.

ಇಷ್ಟು ಖಾರವಾಗಿ ಹೇಳುವುದಕ್ಕೆ ಕಾರಣ, ನಾನೂ ಇದನ್ನೇ ಮಾಡಿದವನು. ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿ ಮನೆಯ ಅಡುಗೆಮನೆಗೆ ಒಂದೇ ಗಾಜಿನ ಹೆಂಚು. ಬೆಳಗಿನ ಹೊತ್ತು ಅಲ್ಲಿಂದ ಬಿಸಿಲು ಒಲೆಯ ಹೊಗೆಯೊಳಗೆ ಇಳಿಯುತ್ತಿತ್ತು. ಅಜ್ಜಿ ಒಲೆ ಊದುತ್ತಿರುವಾಗ ಫೋಟೋ ತೆಗೆದೆ. ಬೆಳಕು ಸುಟ್ಟುಹೋಗಬಾರದೆಂದು ಎಕ್ಸ್‌ಪೋಷರ್ ಎರಡು ಸ್ಟಾಪ್ ಇಳಿಸಿದ್ದೆ, ಅಷ್ಟು ಬುದ್ಧಿ ಇತ್ತು. ಕಂಪ್ಯೂಟರಿನ ಮುಂದೆ ಕೂತಾಗ ಅದು ಹೋಯಿತು. ಅಜ್ಜಿಯ ಮುಖ ಮಬ್ಬಾಗಿದೆ ಎಂದು ‘ಡೀಹೇಜ್’ ಎಳೆದೆ. ಮುಖ ಸ್ಪಷ್ಟವಾಯಿತು, ಹೊಗೆ ಹೋಯಿತು, ಹೊಗೆಯ ಜೊತೆ ಕೋಲೂ ಹೋಯಿತು. ಹೋದದ್ದಕ್ಕೆ ಬದಲಿಯಾಗಿ ಒಂದು ರೆಡಿಮೇಡ್ ಕಿರಣ ತಂದು ಕೂರಿಸಿದೆ. ಕಂಡವರೆಲ್ಲ ಮೆಚ್ಚಿದರು. ಅಮ್ಮ ಮಾತ್ರ ಸ್ವಲ್ಪ ಹೊತ್ತು ನೋಡಿ, “ಅವತ್ತು ಒಲೆ ಉರೀತಿರ್ಲಿಲ್ವೇನೋ?” ಅಂದಳು.

ಅಜ್ಜಿ ತೀರಿಕೊಂಡ ಮೇಲೆ ಮೂಲ ಫೈಲನ್ನು ಮತ್ತೆ ತೆರೆದೆ. ಈ ಸಲ ಬೆಳಕಿನ ತಂಟೆಗೆ ಹೋಗಲಿಲ್ಲ. ಸುತ್ತಲ ಗೋಡೆಯನ್ನು, ಪಾತ್ರೆಗಳ ಹೊಳಪನ್ನು ಸ್ವಲ್ಪಸ್ವಲ್ಪವೇ ಕಪ್ಪಾಗಿಸಿದೆ. ಅಷ್ಟಕ್ಕೇ ಕೋಲು ಎದ್ದು ನಿಂತಿತು. ಹೊಗೆಯ ಸುರುಳಿ ಅದರೊಳಗೆ ಏರುವುದೂ ಕಾಣಿಸಿತು. ಮುಖ ಅರ್ಧ ಮಾತ್ರ ಕಾಣುತ್ತದೆ, ಇನ್ನರ್ಧ ಹೊಗೆಯಲ್ಲಿ. ಅಮ್ಮ ಆ ಪ್ರಿಂಟಿಗೆ ಕಟ್ಟು ಹಾಕಿಸಿಕೊಂಡಿದ್ದಾಳೆ.