ಮುಖ, ಓಟ, ಹೂ: ಛಾಯಾಚಿತ್ರಕ್ಕೆ ಮೂರು ಒರೆಗಲ್ಲು

ಕತೆ, ಕವಿತೆ, ನಾಟಕ, ಯಕ್ಷಗಾನಗಳ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ವಿಮರ್ಶೆಗೆ ಕೊರತೆಯಿಲ್ಲ. ಛಾಯಾಚಿತ್ರಕ್ಕೆ ಮಾತ್ರ ಆ ಭಾಗ್ಯ ಇನ್ನೂ ಪೂರ್ಣವಾಗಿ ಒದಗಿಲ್ಲ. ಅದು ಲೇಖನದ ನಡುವಿನ ಜಾಗ ತುಂಬುವ ಸಾಮಗ್ರಿ, ತೆಗೆದವನ ಹೆಸರು ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ‘ಗುಂಡಿ ಒತ್ತಿದರಾಯಿತು, ಅದರಲ್ಲಿ ಕಲೆಯೇನು ಬಂತು?’ ಎಂಬ ಹಳೆಯ ಪ್ರಶ್ನೆ, ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮೆರಾ ಇರುವ ಈ ದಿನಗಳಲ್ಲಿ ಮತ್ತಷ್ಟು ಬಲವಾಗಿದೆ. ಈ ಪ್ರಶ್ನೆಗೆ ಉತ್ತರ ಹುಡುಕಲು ಮೂರು ವಸ್ತುಗಳನ್ನು ಒರೆಗಲ್ಲಾಗಿ ಇಟ್ಟುಕೊಳ್ಳಬಹುದು: ಅಲಂಕರಿಸಿಕೊಂಡ ಮುಖ, ಓಡುವ ಮೈ, ಕಾಡಿನ ಹೂ. ಮೊದಲನೆಯದು ಛಾಯಾಗ್ರಾಹಕನ ಮಾತು ಕೇಳುತ್ತದೆ, ಎರಡನೆಯದು ಕೇಳುವುದಿಲ್ಲ, ಮೂರನೆಯದಕ್ಕೆ ಅವನಿರುವುದೇ ಗೊತ್ತಿಲ್ಲ.

ಫ್ಯಾಷನ್ ಮತ್ತು ತಾರೆಯರ ಚಿತ್ರ ಎಂದೊಡನೆ ಮುಂಬಯಿಯವರಿಗೆ ನೆನಪಾಗುವ ಹೆಸರು ಗೌತಮ್ ರಾಜಾಧ್ಯಕ್ಷ (1950–2011). ಲಿಂಟಾಸ್ ಜಾಹೀರಾತು ಸಂಸ್ಥೆಯಲ್ಲಿ ಪಳಗಿದ ಇವರು 1980ರ ಹೊತ್ತಿಗೆ ತಾರೆಯರ ಚಿತ್ರಣಕ್ಕೆ ಇಳಿದರು. 1997ರಲ್ಲಿ ಹೊರಬಂದ ಅವರ ‘ಫೇಸಸ್’ ಎಂಬ ದೊಡ್ಡ ಪುಸ್ತಕದಲ್ಲಿ ದುರ್ಗಾ ಖೋಟೆಯವರಿಂದ ಹಿಡಿದು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈವರೆಗೆ ಹಲವು ತಲೆಮಾರುಗಳ ಮುಖಗಳಿವೆ. ಅವರ ಬೆಳಕು ಮೃದು; ಮುಖವನ್ನು ಅದು ಇರಿಯುವುದಿಲ್ಲ, ಸವರುತ್ತದೆ. ಕುಳಿತವರು ಅಂಜಿಕೆ ಬಿಟ್ಟು ಕುಳಿತಿದ್ದಾರೆ ಎಂಬುದು ಕಣ್ಣುಗಳಲ್ಲೇ ಕಾಣುತ್ತದೆ. ಇದು ಯಂತ್ರದ ಗುಣವಲ್ಲ, ಮನುಷ್ಯನ ಗುಣ.

ಆದರೆ ಇದರ ಮಿತಿಯನ್ನೂ ಹೇಳಬೇಕು. ಪುಟ ತಿರುವುತ್ತ ಹೋದಂತೆ ಎಲ್ಲ ಮುಖಗಳೂ ಒಂದೇ ಊರಿನಿಂದ ಬಂದಂತೆ ತೋರುತ್ತವೆ. ಸುಕ್ಕು, ದಣಿವು, ಬೇಸರ ಇವುಗಳಿಗೆ ಅಲ್ಲಿ ಪ್ರವೇಶವಿಲ್ಲ. ಛಾಯಾಚಿತ್ರ ಕಾಲವನ್ನು ಹಿಡಿದಿಡಬೇಕಾದದ್ದು. ಇಲ್ಲಿ ಅದು ಕಾಲವನ್ನು ಒರೆಸುವ ಕೆಲಸ ಮಾಡುತ್ತದೆ. ಫ್ಯಾಷನ್ ಚಿತ್ರದ ಧರ್ಮವೇ ಅದು, ಅದಕ್ಕಾಗಿಯೇ ಹಣ ಸಂದಾಯವಾಗುತ್ತದೆ ಎನ್ನಬಹುದು. ಒಪ್ಪೋಣ. ಒಪ್ಪಿದ ಮೇಲೂ, ಎಲ್ಲವೂ ಹೇಳಿದಂತೆ ಕೇಳುವಾಗ ಕಲಾವಿದನ ಕಣ್ಣು ಸೋಮಾರಿಯಾಗುವ ಅಪಾಯ ಉಳಿದೇ ಉಳಿಯುತ್ತದೆ.

ಆ ಸೋಮಾರಿತನಕ್ಕೆ ಮದ್ದು ಓಟದ ಮೈದಾನದಲ್ಲಿದೆ. ಅಲ್ಲಿ ‘ಇನ್ನೊಮ್ಮೆ ಓಡಿ’ ಎನ್ನುವಂತಿಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ. ಟಿ. ಉಷಾ 400 ಮೀಟರ್ ಹರ್ಡಲ್ಸ್ ಓಡಿ ಮುಗಿಸಿದಾಗ ಯಾರು ಮೂರನೆಯವರೆಂಬುದನ್ನು ಬರಿಗಣ್ಣು ಹೇಳಲಾರದಾಯಿತು. ತೀರ್ಪು ಕೊಟ್ಟದ್ದು ಗೆರೆಯ ಮೇಲಿನ ಕ್ಯಾಮೆರಾ: ರುಮೇನಿಯದ ಓಟಗಾರ್ತಿಗೆ 55.41 ಸೆಕೆಂಡು, ಉಷಾಗೆ 55.42. ಆ ಕ್ಯಾಮೆರಾದ ಸ್ವಭಾವ ವಿಚಿತ್ರವಾದದ್ದು. ಅದು ಮೈದಾನವನ್ನು ನೋಡುವುದಿಲ್ಲ. ಕೂದಲೆಳೆಯಷ್ಟು ಕಿರಿದಾದ ಸೀಳಿನಿಂದ ಮುಕ್ತಾಯದ ಗೆರೆಯೊಂದನ್ನೇ ಎಡೆಬಿಡದೆ ನೋಡುತ್ತದೆ. ಆ ಚಿತ್ರದಲ್ಲಿ ಎಡದಿಂದ ಬಲಕ್ಕೆ ಇರುವುದು ದೂರವಲ್ಲ, ಕಾಲ. ತಲೆ, ಕೈ, ಕಾಲು ಯಾವುದು ಮುಂದಿದ್ದರೂ ಲೆಕ್ಕಕ್ಕಿಲ್ಲ. ಮುಂಡ ಗೆರೆ ಮುಟ್ಟಬೇಕು.

ಇದು ಸತ್ಯದ ಚಿತ್ರ. ಆದರೆ ಕಲೆಯ ಚಿತ್ರವೆ? ಅಲ್ಲ ಎಂದೇ ಹೇಳಬೇಕು. ನೂರನೇ ಒಂದು ಸೆಕೆಂಡು ಎಷ್ಟೆಂದು ಅದು ಅಳೆಯಿತು. ಅದು ಎಷ್ಟು ಭಾರವೆಂದು ಹೇಳಲಿಲ್ಲ. ಆ ಭಾರವನ್ನು ಹಿಡಿಯುವುದು ಗೆರೆಯ ಆಚೆ ಕಾದು ನಿಂತ ಮನುಷ್ಯನ ಕೆಲಸ. ಕ್ರೀಡಾ ಛಾಯಾಗ್ರಾಹಕನ ವಿದ್ಯೆಯಿರುವುದು ಈ ಕಾಯುವಿಕೆಯಲ್ಲಿ. ಘಟನೆಯನ್ನು ಕಂಡಮೇಲೆ ಒತ್ತಿದರೆ ತಡವಾಯಿತು. ಕಾಣುವ ಮುನ್ನವೇ ಒತ್ತಬೇಕು. ಆದ್ದರಿಂದ ಆಟ ಬಲ್ಲವನೇ ಆಟದ ಚಿತ್ರ ತೆಗೆಯಬಲ್ಲ.

ಮುಖ ಮತ್ತು ಓಟ ಎರಡೂ ಒಬ್ಬರಲ್ಲೇ ಸೇರಿದ ಉದಾಹರಣೆ ನಮ್ಮ ಕೊಡಗಿನ ಅಶ್ವಿನಿ ನಾಚಪ್ಪ. ಉಷಾರನ್ನು ಎರಡು ಬಾರಿ ಹಿಂದಿಕ್ಕಿದ ಈ ಓಟಗಾರ್ತಿ 1988ರ ಅರ್ಜುನ ಪ್ರಶಸ್ತಿ ವಿಜೇತೆ. ಪತ್ರಿಕೆಗಳು ಮಾತ್ರ ಅಮೆರಿಕದ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್‌ಗೆ ಹೋಲಿಸಿ ‘ಭಾರತದ ಫ್ಲೋ-ಜೋ’ ಎಂಬ ಬಿರುದಂಟಿಸಿ, ಉಡುಪಿನ ಮೇಲೆ ಕಣ್ಣು ನೆಟ್ಟವು. 1991ರಲ್ಲಿ ಅವರ ಹೆಸರಿನಲ್ಲೇ ತೆಲುಗು ಚಲನಚಿತ್ರ ಬಂತು, ಅವರೇ ಅಭಿನಯಿಸಿದರು. ಇಂದು ಅಶ್ವಿನಿ ಎಂದೊಡನೆ ನಮ್ಮ ನೆನಪಿಗೆ ಬರುವುದು ಅವರ ಓಟವೋ, ಉಡುಪೋ? ಉತ್ತರ ಎರಡನೆಯದಾದರೆ ತಪ್ಪು ಓಟಗಾರ್ತಿಯದಲ್ಲ. ಓಡುತ್ತಿರುವ ಮೈಯನ್ನು ಫ್ಯಾಷನ್ ಕಣ್ಣಿನಿಂದ ನೋಡಿದ ಕ್ಯಾಮೆರಾದ್ದು, ಅಂಥ ಚಿತ್ರವನ್ನೇ ಬಯಸಿದ ಓದುಗರದ್ದು.

ಇನ್ನು ಹೂವಿನ ಮಾತು. ಮುಂಬಯಿಯ ಮಗ್ಗುಲಲ್ಲೇ, ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ, ಎಂಟು ವರ್ಷಕ್ಕೊಮ್ಮೆ ಕಾರ್ವಿ ಅರಳುತ್ತದೆ. 2008, 2016, 2024 ಹೀಗೆ ಅದರ ಪಂಚಾಂಗ. 2022ರಲ್ಲಿ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ಶ್ರೇಣಿಯನ್ನು ನೀಲಿಯಾಗಿಸಿದ ಹನ್ನೆರಡು ವರ್ಷಗಳ ಕುರಿಂಜಿ ಇದರ ದಾಯಾದಿ. ಸಾತಾರದ ಬಳಿಯ ಕಾಸ್ ಪ್ರಸ್ಥಭೂಮಿಯಲ್ಲಂತೂ ಮಳೆಗಾಲದ ಕೊನೆಗೆ ಕರ್ಣಕುಂಡಲದ ಜಾತಿಯ ಹೂಗಳು, ಕೀಟಾಹಾರಿ ಗಿಡಗಳು, ಹಳದಿ ಸ್ಮಿಥಿಯಾಗಳು ಬರಿಯ ಕಲ್ಲಿನ ಮೇಲಿನ ತೆಳ್ಳನೆಯ ಮಣ್ಣಿನಲ್ಲಿ ಅರಳುತ್ತವೆ. 2012ರಲ್ಲಿ ಪಶ್ಚಿಮಘಟ್ಟದ ಭಾಗವಾಗಿ ಕಾಸ್ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಜನಜಂಗುಳಿ ತಡೆಯಲಾರದೆ ದಿನಕ್ಕಿಷ್ಟೇ ಮಂದಿ ಎಂಬ ಮಿತಿಯೂ ಬಂತು.

ಈ ಹೂಗಳ ಚಿತ್ರಗಳು ಸಾವಿರಾರು ಬರುತ್ತಿವೆ. ಬಹುಪಾಲು ಒಂದೇ: ಕೆಳಗೆ ನೇರಳೆ ಜಮಖಾನೆ, ಮೇಲೆ ಮೋಡ, ನಡುವೆ ತೋಳು ಚಾಚಿ ನಿಂತ ನಾವು. ಕಾರ್ವಿ ಒಮ್ಮೆ ಹೂಬಿಟ್ಟು ಬೀಜ ಕೊಟ್ಟಮೇಲೆ ಗಿಡವೇ ಸಾಯುತ್ತದೆ. ಆ ವರ್ಷ ತುಳಿದರೆ ಮುಂದಿನ ತಲೆಮಾರನ್ನೇ ತುಳಿದಂತೆ. ಹಿಂದೆ ಬಣ್ಣದ ಫಿಲ್ಮುಗಳು ಕೆಲವು ನೀಲಿ ಹೂಗಳನ್ನು ಗುಲಾಬಿಯತ್ತ ಜಾರಿಸಿಬಿಡುತ್ತಿದ್ದವು, ನಿಜ ಬಣ್ಣ ಹಿಡಿಯಲು ಹೆಣಗಬೇಕಾಗಿತ್ತು. ಈಗ ಫೋನು ಇಲ್ಲದ ಬಣ್ಣವನ್ನೂ ತಾನೇ ತುಂಬಿಕೊಡುತ್ತದೆ. ಕಾಡಿನ ಹೂವಿಗೂ ಫ್ಯಾಷನ್ ಮುಖದ ಗತಿಯೇ ಬಂದಿದೆ.

ಹಾಗಾದರೆ ಸರಿಯಾದ ದಾರಿ ಯಾವುದು? ಕನ್ನಡಿಗರ ಮುಂದೆ ಎರಡು ಮಾದರಿಗಳಿವೆ. ಒಂದು ಪೂರ್ಣಚಂದ್ರ ತೇಜಸ್ವಿ. ಮೂಡಿಗೆರೆಯ ತೋಟದಲ್ಲಿ ಹಕ್ಕಿಗಾಗಿ ಕಾದು ಕುಳಿತ ಈ ಲೇಖಕರಿಗೆ ಹಕ್ಕಿ ಯಾವುದು, ಏನು ತಿನ್ನುತ್ತದೆ, ಎಲ್ಲಿ ಗೂಡು ಕಟ್ಟುತ್ತದೆ ಎಂಬ ಕುತೂಹಲವೇ ಮೊದಲು, ಚಿತ್ರ ಆಮೇಲೆ. ಇನ್ನೊಂದು ಮೈಸೂರಿನ ಟಿ. ಎಸ್. ಸತ್ಯನ್ (1923–2009). ಮಕ್ಕಳನ್ನು ಕುರಿತ ಅವರ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶಿತವಾದವು. ಅವರ ‘ಕಾಲಕ್ಕೆ ಕನ್ನಡಿ’ ಎಂಬ ಆತ್ಮಕಥನದ ಹೆಸರೇ ಅವರ ಕಲಾಸೂತ್ರ. ಸಿಟ್ಟು ಅವರಲ್ಲಿ ಕಡಿಮೆ, ಬಡತನವನ್ನೂ ಕೆಲವೊಮ್ಮೆ ತೀರ ಸೌಮ್ಯವಾಗಿ ಕಾಣುತ್ತಾರೆ ಎಂಬ ಆಕ್ಷೇಪಕ್ಕೆ ಎಡೆಯುಂಟು. ಆದರೆ ಅವರ ಚಿತ್ರದಲ್ಲಿರುವ ಹೆಸರಿಲ್ಲದ ಮನುಷ್ಯನೂ ತನ್ನ ಗೌರವವನ್ನು ಬಿಟ್ಟುಕೊಟ್ಟಿಲ್ಲ. ಎದುರಿಗಿರುವುದು ನಮ್ಮ ಚಿತ್ರಕ್ಕಾಗಿ ಹುಟ್ಟಿದ್ದಲ್ಲ, ತನ್ನ ಪಾಡಿಗೆ ತಾನು ಬದುಕುತ್ತಿರುವಂಥದ್ದು ಎಂಬ ಅರಿವು ಇಬ್ಬರಲ್ಲೂ ಇದೆ. ಗುಂಡಿ ಒತ್ತುವುದು ಕಲೆಯಾಗುವುದು ಅಲ್ಲಿ.

ಈ ಮಾತು ನಮ್ಮ ಸಂಘಗಳಿಗೂ ಅನ್ವಯಿಸುತ್ತದೆ. ನಮ್ಮ ಸಮಾರಂಭದ ಚಿತ್ರಗಳನ್ನು ನೋಡಿ: ಶಾಲು ಹೊದಿಸುವವರು, ಹೊದಿಸಿಕೊಳ್ಳುವವರು, ಹಿಂದೆ ನಿಂತವರು ಎಲ್ಲರ ದೃಷ್ಟಿಯೂ ಕ್ಯಾಮೆರಾದ ಕಡೆಗೇ; ಒಬ್ಬರನ್ನೊಬ್ಬರು ನೋಡುವವರಿಲ್ಲ. ಇದೂ ಒಂದು ಬಗೆಯ ಫ್ಯಾಷನ್ ಚಿತ್ರವೇ. ಹಗಲು ಹೋಟೆಲಿನಲ್ಲಿ ದುಡಿದು ಇರುಳು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು ಈ ನಗರದಲ್ಲಿ ನೆಲೆ ನಿಂತವರ ಚಿತ್ರಗಳು ನಮ್ಮ ಮನೆಗಳಲ್ಲಿ ಎಷ್ಟಿವೆ? ಇದ್ದರೆ ಅದರ ಹಿಂದೆ ಹೆಸರು, ಊರು, ಇಸವಿ ಬರೆದಿದೆಯೆ? ಆ ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಕಾರ್ವಿ 2032ರಲ್ಲಿ ಮತ್ತೆ ಅರಳೀತು. ಅವರನ್ನು ಮತ್ತೆ ಕಾಣುವ ಅವಕಾಶ ನಮಗಿರಲಾರದು.